ಎರಡನೆಯದು ಮುಗಿಯುವ ತನಕ

ನಮ್ಮ ಸರ್ ಜೀವಮಾನದಲ್ಲಿ ಮಾಂಸ ತಿಂದವರಲ್ಲ. ಆದರೆ ಪುಣೆ ಕ್ಯಾಂಪಿನ ಮಟನ್ ಮಾರ್ಕೆಟ್ಟಿನಲ್ಲಿ ಅವರಷ್ಟು ನಿಯತ್ತಿನ ಗಿರಾಕಿ ಇನ್ನೊಬ್ಬರು ಇದ್ದಿರಲಿಕ್ಕಿಲ್ಲ. ಮಂಗಳವಾರ ಬೆಳಿಗ್ಗೆ, ಹಣೆಯ ಮೇಲಿನ ಅಂಗಾರ ಅಕ್ಷತೆ ಇನ್ನೂ ಹಸಿಯಾಗಿರುವಾಗಲೇ, ಸ್ಕೂಟರಿನ ಹ್ಯಾಂಡಲ್ಲಿಗೆ ಸ್ಟೀಲಿನ ಡಬ್ಬಿಯೊಂದನ್ನು ತೂಗುಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಡಬ್ಬಿಯ ತುಂಬ ಐಸು. ಮಂಗಳವಾರ ಬಹಳ ಮಂದಿ ಮಾಂಸ ತಿನ್ನದ ಕಾರಣ ಅಂಗಡಿಯಲ್ಲಿ ನೂಕುನುಗ್ಗಲು ಇರುತ್ತಿರಲಿಲ್ಲ, ಅಂಗಡಿಯವನೇ ನಿಧಾನವಾಗಿ ಆರಿಸಿ ಕೊಡುತ್ತಿದ್ದ.

"ಆಯಿಯೇ ಕಲೇಜಿ ಸಾಬ್! ಆಜ್ ಏಕ್‌ದಮ್ ಗರಂ ಹೈ" ಎಂದು ಅಂಗಡಿಯವನು ಆಗತಾನೆ ಕಡಿದ ಆಡಿನ ಕಲೇಜಿಯನ್ನು, ಅಂದರೆ ಯಕೃತ್ತನ್ನು, ಎತ್ತಿ ತೋರಿಸುತ್ತಿದ್ದ.

"ಗರಂ ಅಚ್ಛಾ ಹೈ. ಲೇಕಿನ್ ಅಭೀ ಥಂಡಾ ಕರೋ" ಎಂದು ಸರ್ ಮುಖ ಪಕ್ಕಕ್ಕೆ ತಿರುಗಿಸಿ ಡಬ್ಬಿ ಮುಂದೆ ಹಿಡಿಯುತ್ತಿದ್ದರು. ಇಷ್ಟು ವರ್ಷ ಹೋಗಿಯೂ ಅವರು ಒಮ್ಮೆಯೂ ನೇರವಾಗಿ ನೋಡಲಿಲ್ಲವಂತೆ. ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಬಣ್ಣದ ಒಂದು ದೊಡ್ಡ ಚುಕ್ಕೆ. ಮನೆಯಲ್ಲಿ ಯಾರೂ ಅಪ್ಪಿತಪ್ಪಿ ಅದರಲ್ಲಿ ಅವಲಕ್ಕಿ ತುಂಬಬಾರದೆಂದು ಅವರ ಹೆಂಡತಿ ಹಚ್ಚಿದ್ದು. ಅವರನ್ನು ನಾವು ವಿದ್ಯಾರ್ಥಿಗಳೆಲ್ಲ ವೈನಿ ಎಂದೇ ಕರೆಯುತ್ತಿದ್ದೆವು.

ಸರ್ ತೀರಿಹೋಗಿ ಈಗ ಒಂದು ತಿಂಗಳ ಮೇಲಾಯಿತು. ವೈನಿ ಫೋನ್ ಮಾಡಿ, "ವಿಜಾಪುರದಾಗ ಅವ್ರ ಕಡೆ ಮಂದಿಗೆ ಇಂಗ್ಲೀಷ್ ಬರೂದಿಲ್ಲ. ನೀವು ಅವ್ರ ಬಗ್ಗೆ ಕನ್ನಡದಾಗ ಎರಡ್ ಹಾಳಿ ಬರೀರಿ. ಆದ್ರ ಒಂದು ಮಾತು, ಇದ್ದದ್ದು ಬರೀರಿ. ಅವ್ರನ್ನ ದೇವ್ರು ಮಾಡಬ್ಯಾಡ್ರಿ" ಎಂದರು. ನಾನು ಒಪ್ಪಿಕೊಂಡೆ. ಬರೆಯಬೇಕಾದ ಘಟನೆ ನನ್ನ ಬಳಿ ಸಿದ್ಧವಾಗಿಯೇ ಇತ್ತು. ನನ್ನ ಕಾಲೇಜಿನಲ್ಲಿ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅದನ್ನು ಹೇಳುತ್ತ ಬಂದಿದ್ದೇನೆ. ಅದು ನಡೆದದ್ದು ಹಾಗಲ್ಲ ಎಂದು ತಿಳಿದದ್ದು ಬರೆಯಲು ಕೂತ ಮೇಲೆ.

ಮೊದಲು ಸರ್ ಏನು ಮಾಡುತ್ತಿದ್ದರು ಎಂದು ಹೇಳಬೇಕು. ಯಕೃತ್ತಿನಲ್ಲಿ ಒಂದು ಕಿಣ್ವವಿದೆ. ಎಪಾಕ್ಸೈಡ್ ಎಂಬ ಜಾತಿಯ ಅಣುಗಳನ್ನು ನೀರು ಸೇರಿಸಿ ಬಿಚ್ಚಿ ನಿರಪಾಯ ಮಾಡುವುದು ಅದರ ಕೆಲಸ. ಪ್ಲಾಸ್ಟಿಕ್, ಫೈಬರ್‌ಗ್ಲಾಸ್ ಕೆಲಸದ ಕಡೆ ಏಳುವ ಕೆಲವು ಆವಿಗಳು ಉಸಿರಿನೊಂದಿಗೆ ಒಳಗೆ ಹೋದರೆ ದೇಹವೇ ಅವನ್ನು ಎಪಾಕ್ಸೈಡ್ ಆಗಿ ಬದಲಿಸುತ್ತದೆ. ಬಿಚ್ಚದೆ ಉಳಿದದ್ದು ಜೀವಕೋಶದೊಳಗೆ ಅಂಟಬಾರದ ಕಡೆ ಅಂಟಿಕೊಳ್ಳುತ್ತದೆ. ಸರ್‌ಗೆ ಈ ಹುಚ್ಚು ಹಿಡಿದದ್ದು ಕಾರ್ಖಾನೆಗಳ ಸಾಲಿರುವ ರಾಂಜಣಗಾಂವದ ದಾರಿಯಲ್ಲಿ. "ಗಣಪತಿ ದರ್ಶನಕ್ಕ ಅಂತ ಕರಕೊಂಡು ಹೋಗಿ, ಯಾವುದೋ ಶೆಡ್ಡಿನ ಮುಂದ ಸ್ಕೂಟರ್ ನಿಲ್ಲಿಸಿ ಅರ್ಧಾ ತಾಸು ಗಾಳಿ ಮೂಸ್ಕೋತ ನಿಂತ್ರು. ಗುಡಿ ಬಾಗ್ಲಾ ಹಾಕೇ ಬಿಟ್ರು" ಎಂದು ವೈನಿ ಇವತ್ತಿಗೂ ಹೇಳುತ್ತಾರೆ.

ಇಂಥ ಅಣುಗಳಲ್ಲಿ ಹಲವು ಎರಡು ರೂಪಗಳಲ್ಲಿರುತ್ತವೆ, ಒಂದು ಇನ್ನೊಂದರ ಕನ್ನಡಿಯ ಬಿಂಬ. ಕಾರ್ಖಾನೆಯಿಂದ ಬರುವ ಬಾಟಲಿಯಲ್ಲಿ ಎರಡೂ ಸಮಸಮ ಬೆರೆತಿರುತ್ತವೆ. ಕಿಣ್ವ ಮಾತ್ರ ಎರಡನ್ನೂ ಒಂದೇ ಸಮನಾಗಿ ನೋಡುವುದಿಲ್ಲ. ಇದನ್ನು ಹೊಸ ವಿದ್ಯಾರ್ಥಿಗೆ ತಿಳಿಸಲು ಸರ್ ಬೋರ್ಡಿನ ಹತ್ತಿರ ಹೋಗುತ್ತಿರಲಿಲ್ಲ. ತಮ್ಮ ಕೊಲ್ಹಾಪುರಿ ಚಪ್ಪಲಿ ಬಿಟ್ಟು, "ಹಾಕ್ಕೋ ತಮ್ಮಾ. ಎಡದ್ದು ಬಲಗಾಲಿಗೆ, ಬಲದ್ದು ಎಡಗಾಲಿಗೆ. ಈಗ ಆ ಕಡೀ ಗೋಡಿ ಮುಟ್ಟಿ ಬಾ" ಎನ್ನುತ್ತಿದ್ದರು. ನಾನು ತುಮಕೂರಿನಿಂದ ಬಂದ ಮೊದಲ ವಾರ ಕಾರಿಡಾರಿನಲ್ಲಿ ಹಾಗೆ ಕುಂಟುತ್ತ ನಡೆದೆ. ಬಾಗಿಲು ಬಾಗಿಲಿಗೂ ಮುಖಗಳು.

"ಕಾಲು ಒಳಗ ಹೋತೋ ಇಲ್ಲೋ?"

"ಹೋಯ್ತು ಸರ್."

"ನಡದ್ಯೋ ಇಲ್ಲೋ?"

"ನಡೆದೆ ಸರ್, ಆದರೆ..."

"ಹಾಂ, ಆ 'ಆದರೆ' ಅದಲ್ಲಾ, ಅದಕ್ಕ ನಿನಗ ಐದು ವರ್ಷ ಕೊಟ್ಟೀನಿ."

ನಮ್ಮ ಪ್ರಯೋಗಾಲಯದಲ್ಲಿ ಆ ಎರಡು ರೂಪಗಳಿಗೆ ಬಲ, ಎಡ ಎಂದೇ ಹೆಸರಾಗಿ ಹೋಯಿತು. ಸರ್ ಹೆಸರು ಮಾಡಿದ್ದು ಇವುಗಳ ಮೇಲಿನ ಒಂದು ಪ್ರಬಂಧದಿಂದ. ಅವರ ತೀರ್ಮಾನ ಸರಳವಾಗಿತ್ತು: ಈ ಎಪಾಕ್ಸೈಡಿನಲ್ಲಿ ಕಿಣ್ವ ಬಲವನ್ನು ಬಿಚ್ಚುತ್ತದೆ, ಎಡವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಅಂದರೆ ಎಡ ದೇಹದಲ್ಲಿ ಉಳಿದು ಕಾಡುತ್ತದೆ.

ಸರ್‌ಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಯಕೃತ್ತಿನಿಂದ ತಯಾರಿಸಿದ ಯಾವುದನ್ನೂ ಅಳೆಯದೆ ಚೆಲ್ಲುವ ಹಾಗಿರಲಿಲ್ಲ. ಪ್ರಯೋಗ ಕೆಟ್ಟಿರಲಿ, ನಳಿಕೆ ಒಡೆದು ಅರ್ಧ ಸೋರಿರಲಿ, ಉಳಿದದ್ದನ್ನು ಯಂತ್ರಕ್ಕೆ ಹಾಕಿ ಏನು ಬಂತೆಂದು ನೋಡಿ, ಬರೆದಿಟ್ಟು, ಆಮೇಲೆ ಚೆಲ್ಲಬೇಕು. "ಒಂದು ಜೀವ ಹೋಗೇದ. ನೋಡಲಾರದ ಚೆಲ್ಲಿದ್ರ ಅದು ಸುಮ್ಮನ ಹೋದಂಗ ಆಗ್ತದ" ಎನ್ನುತ್ತಿದ್ದರು. ಆ ಆಡನ್ನು ಜನ ಹೇಗೂ ತಿನ್ನುತ್ತಿದ್ದರಲ್ಲ, ನಮಗೋಸ್ಕರ ಯಾರೂ ಕಡಿಯಲಿಲ್ಲವಲ್ಲ ಎಂದು ನಾನು ವಾದಿಸಿದ್ದೇನೆ. "ನೀ ಭಾಳ ಶ್ಯಾಣ್ಯಾ ಇದ್ದೀ. ಹೋಗಿ ಅಳದ ಬಾ" ಎಂದರು. ಕೆಟ್ಟುಹೋದ ಪ್ರಯೋಗಗಳನ್ನು ಅಳೆಯುವುದರಲ್ಲಿ ನಮ್ಮ ಎಷ್ಟೋ ಮಧ್ಯಾಹ್ನಗಳು ಕಳೆದವು. ಅದನ್ನು ಬೈದುಕೊಳ್ಳದ ವಿದ್ಯಾರ್ಥಿ ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬೈದುಕೊಂಡವಳು ಶೈಲಾ. ಅವಳ ತಂದೆ ಕುಂದಾಪುರದ ಕಡೆಯವರು, ಕ್ಯಾಂಪಿನಲ್ಲಿ ಹೋಟೆಲ್ ನಡೆಸುತ್ತಿದ್ದರು. ಫೆಲೋಶಿಪ್ಪಿನ ಕೊನೆಯ ವರ್ಷ ಅವಳದು. ತಂದೆ ಪುಣೆಯ ಹೊರಗಿನ ಸಾಸವಡದಲ್ಲಿ ಎರಡನೆಯ ಹೋಟೆಲ್ ತೆರೆಯುವವರಿದ್ದರು. ದೀಪಾವಳಿಯೊಳಗೆ ಥೀಸಿಸ್ ಕೊಡದಿದ್ದರೆ ಅದರ ಗಲ್ಲಾ ಅವಳಿಗೆ ಎಂದು ಮನೆಯಲ್ಲಿ ಮಾತಾಗಿತ್ತು. "ಗಲ್ಲಾದಲ್ಲಿ ಕೂತರೆ ಒಂದು ಉಪಕಾರ ಉಂಟು ಮಾರಾಯ, ಚೆಲ್ಲಿದ ಸಾಂಬಾರು ಅಳೆದು ಬಾ ಅಂತ ಯಾರೂ ಹೇಳುವುದಿಲ್ಲ" ಎನ್ನುತ್ತಿದ್ದಳು.

ಆ ವರ್ಷ ಪಂಢರಪುರಕ್ಕೆ ಹೋಗುವ ಪಾಲಖಿ ಪುಣೆಯಿಂದ ಸಾಸವಡದ ಕಡೆ ಹೊರಟ ದಿನ, ಶೈಲಾ ಬೆಳಿಗ್ಗೆ ನಳಿಕೆಗಳಲ್ಲಿ ಕಿಣ್ವ, ಎಪಾಕ್ಸೈಡ್ ಬೆರೆಸಿ ಬಿಸಿನೀರಿನ ತೊಟ್ಟಿಯಲ್ಲಿಟ್ಟಿದ್ದಳು. ಹತ್ತು ನಿಮಿಷಕ್ಕೆ ತೆಗೆದು ನಿಲ್ಲಿಸಬೇಕು. ಎಲ್ಲರೂ ಮಾಡುವುದು ಹಾಗೆಯೇ. ಮೊದಲ ನಿಮಿಷಗಳಲ್ಲಿ ಸಿಗುವ ವೇಗವೇ ಶುದ್ಧ, ಆಮೇಲೆ ಬೇರೆ ಬೇರೆ ತೊಡಕು ಸೇರಿಕೊಳ್ಳುತ್ತವೆ ಎಂದು ಪುಸ್ತಕಗಳೂ ಹೇಳುತ್ತವೆ. ಅಷ್ಟರಲ್ಲಿ ಹೋಟೆಲಿನಿಂದ ಫೋನ್ ಬಂತು. ಪಾಲಖಿಯೊಡನೆ ನಡೆಯುವ ವಾರಕರಿಗಳಿಗೆ ಸಾಬೂದಾಣಿ ಖಿಚಡಿ, ಚಹಾ ಬಡಿಸಲು ಕೈ ಸಾಲುತ್ತಿಲ್ಲವೆಂದು ತಂದೆ ಕೂಗಿಕೊಂಡರು. ಪಕ್ಕದ ಮೇಜಿನವರೊಬ್ಬರಿಗೆ ನಳಿಕೆ ತೆಗೆಯಲು ಹೇಳಿ ಹೋದಳು. ಅವರು ತೆಗೆಯಲಿಲ್ಲ. ಪಾಲಖಿಗಾಗಿ ರಸ್ತೆ ಮುಚ್ಚಿ, ಅವಳು ಕಾಲ್ನಡಿಗೆಯಲ್ಲಿ ವಾಪಸ್ಸು ಬರುವಾಗ ಸಂಜೆಯಾಗಿತ್ತು. ನಳಿಕೆಗಳು ಇಡೀ ದಿನ ಬೆಚ್ಚಗೆ ಅಲುಗಾಡುತ್ತ ಕೂತಿದ್ದವು.

ಬೇರೆ ಯಾವ ಪ್ರಯೋಗಾಲಯದಲ್ಲಾದರೂ ಅವನ್ನು ಮೋರಿಗೆ ಸುರಿಯುತ್ತಿದ್ದರು. ನಮ್ಮಲ್ಲಿ ಸರ್ ಅವರ ನಿಯಮ. ಅವಳು ಶಪಿಸುತ್ತ ಯಂತ್ರಕ್ಕೆ ಹಾಕಿದಳು. ಬಲ ಮುಗಿದಿತ್ತು, ಅದು ನಿರೀಕ್ಷಿತ. ಆದರೆ ಎಡವೂ ಇರಲಿಲ್ಲ. ಕಿಣ್ವ ಮುಟ್ಟುವುದೇ ಇಲ್ಲವೆಂದು ಸರ್ ಬರೆದ ಎಡ, ಪೂರ್ತಿ ಖಾಲಿ.

ಮುಂದಿನ ಎರಡು ವಾರ ಅವಳು ಗಳಿಗೆ ಗಳಿಗೆಗೂ ಸ್ವಲ್ಪ ಸ್ವಲ್ಪ ತೆಗೆದು ಅಳೆದಳು. ಚಿತ್ರ ಸ್ಪಷ್ಟವಾಯಿತು. ಬಲಕ್ಕೆ ಕಿಣ್ವದ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಗುಣ. ಅದು ಇರುವವರೆಗೆ ಎಡಕ್ಕೆ ಒಳಗೆ ಹೋಗಲು ಎಡೆಯೇ ಇಲ್ಲ. ಬಲ ಮುಗಿದ ಕೂಡಲೇ ಎಡ ಬಿಚ್ಚತೊಡಗುತ್ತದೆ, ಅದೂ ಬಲಕ್ಕಿಂತ ವೇಗವಾಗಿ. ಗ್ರಾಫಿನಲ್ಲಿ ಮಟ್ಟಸವಾಗಿ ಹೋಗುತ್ತಿದ್ದ ಎಡದ ಗೆರೆ ಒಂದು ಕಡೆ ಮುರಿದು ಧಡಕ್ಕನೆ ಕೆಳಗಿಳಿಯುತ್ತಿತ್ತು. ಹತ್ತನೆಯ ನಿಮಿಷಕ್ಕೆ ನಿಲ್ಲಿಸಿದವರಿಗೆ ಆ ಮುರಿತ ಕಾಣುವುದು ಸಾಧ್ಯವೇ ಇರಲಿಲ್ಲ.

ಇಲ್ಲಿಂದ ಮುಂದಿನದು ನಾನು ಹೇಳುತ್ತಿದ್ದ ಕತೆ. ಶನಿವಾರದ ಸಭೆಯಲ್ಲಿ ಶೈಲಾ ಆ ಗ್ರಾಫನ್ನು ಬೋರ್ಡಿನ ಮೇಲೆ ಬರೆದಳು. ಸರ್ ಅವರ ಬಡ್ತಿಯ ಸಂದರ್ಶನ ಹತ್ತಿರದಲ್ಲಿತ್ತು, ಅವರ ಅರ್ಜಿ ನಿಂತದ್ದೇ ಆ ಹಳೆಯ ಪ್ರಬಂಧದ ಮೇಲೆ. ಸರ್ ಎದ್ದರು. ಚಾಕ್‌ಪೀಸು ತೆಗೆದುಕೊಂಡು ಗೆರೆಯ ಆರಂಭದಲ್ಲೇ ಒಂದು ಅಡ್ಡಗೀಟು ಎಳೆದು, "ನಾ ಇಲ್ಲೆ ಎದ್ದು ಹೋದೆ. ಆಟ ಇನ್ನೂ ಮುಗದಿದ್ದಿಲ್ಲ. ತಪ್ಪು ನಂದು" ಎಂದರು. ಕೈಯ ಚಾಕ್ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೂತರು. ಅಷ್ಟೇ. ನನ್ನ ವಿದ್ಯಾರ್ಥಿಗಳು ಈ ಜಾಗದಲ್ಲಿ ಪ್ರತಿ ವರ್ಷ ತಪ್ಪದೆ ಪೆನ್ನು ಕೆಳಗಿಡುತ್ತಾರೆ.

ಬರೆಯುವ ಮೊದಲು ಒಮ್ಮೆ ಕೇಳಿಬಿಡೋಣವೆಂದು ಶೈಲಾಗೆ ಫೋನ್ ಮಾಡಿದೆ. ನನಗೆ ಪರರ ಮಾತಿನ ಮೇಲೆ ಮೊದಲಿನಿಂದಲೂ ನಂಬಿಕೆ ಕಡಿಮೆ. ವಯಸ್ಸಾದಂತೆ ನನ್ನ ಮಾತಿನ ಮೇಲೂ ಕಡಿಮೆಯಾಗುತ್ತಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅದೇ ದಿನವಾ? ಎಂತ ಮಾರಾಯ ನೀನು! ಸಭೆಯ ಕೋಣೆಯಲ್ಲಿ ಚಾಕ್ ಎಲ್ಲಿತ್ತು? ಅಲ್ಲಿದ್ದದ್ದು ಬಿಳಿ ಬೋರ್ಡ್, ಮಾರ್ಕರ್. ಚಾಕ್ ಇದ್ದದ್ದು ವೈವಾ ಹಾಲಿನಲ್ಲಿ. ಅವರು ಹಾಗೆ ಹೇಳಿದ್ದು ನನ್ನ ವೈವಾದ ದಿವಸ."

"ಸಭೆಯಲ್ಲಿ ಏನಂದರು ಹಾಗಾದರೆ?"

"ತೊಟ್ಟಿಯ ಟೆಂಪರೇಚರ್ ಸರಿ ಇತ್ತಾ ನೋಡು, ಮತ್ತೊಮ್ಮೆ ಮಾಡು ಅಂದ್ರು. ಎದ್ದು ಹೋದ್ರು. ಆಮೇಲೆ ಮಳೆಗಾಲ ಪೂರ್ತಿ ನನ್ನ ಅಧ್ಯಾಯ ಅವರ ಮೇಜಿನ ಮೇಲೆ ಇತ್ತು. ಕೇಳಿದರೆ ನೋಡ್ತೀನಿ, ನೋಡ್ತೀನಿ. ನಮ್ಮ ಅಪ್ಪ ಸಾಸವಡದ ಹೋಟೆಲಿಗೆ ಕುರ್ಚಿ ಮೇಜು ಎಲ್ಲ ತರಿಸಿ ಆಗಿತ್ತು."

ನನ್ನ ಕಣ್ಣಿಗೆ ಚಾಕ್ ಪುಡಿ ಅಂಟಿದ ಆ ಪ್ಯಾಂಟು ಇನ್ನೂ ಕಾಣುತ್ತಲೇ ಇತ್ತು. ಎರಡು ದಿನಗಳನ್ನು ಹೊಲಿದು ನಾನು ಒಂದು ಮಾಡಿದ್ದೆ. ನಡುವಿನ ಮಳೆಗಾಲ ಹೊಲಿಗೆಯ ಒಳಗೆ ಮಡಚಿಹೋಗಿತ್ತು. ಆ ಮಳೆಗಾಲದಲ್ಲೇ ಸಂದರ್ಶನ ಆದದ್ದು. ಹಾಗಾದರೆ ಸರ್ ತಮ್ಮ ಬಡ್ತಿ ಆಗುವವರೆಗೆ ಅವಳ ಕೆಲಸವನ್ನು ಅದುಮಿಟ್ಟರೇ? ಎರಡು ದಿನ ಒಂದಕ್ಷರವನ್ನೂ ಬರೆಯಲಾಗಲಿಲ್ಲ. ಮೂರನೆಯ ದಿನ ಕೋಥರೂಡಿನಲ್ಲಿರುವ ಸರ್ ಮನೆಗೆ ಹೋದೆ.

ವೈನಿ ಬಾಲ್ಕನಿಯಲ್ಲಿ ಕೂರಿಸಿ ಹಚ್ಚಿದ ಅವಲಕ್ಕಿ ಕೊಟ್ಟರು. ನಾನು ಸುತ್ತಿ ಬಳಸಿ ಕೇಳಲು ಹೊರಟೆ. ಅವರು ತಡೆದರು.

"ಆ ಶೈಲಾನ ಪಾಲಖಿ ವರ್ಷದ್ದು ಕೇಳ್ತೀರೇನು? ಹೂಂ. ಆ ವರ್ಷ ಡಬ್ಬಿ ದಿನಾ ಹೋಗ್ತಿತ್ತು ನೋಡ್ರಿ. ಮಂಗಳವಾರ ಅನ್ನೂದಽ ಉಳೀಲಿಲ್ಲ. ಮಳೀ ಇರಲಿ ಏನರ ಇರಲಿ, ಬೆಳಕ ಹರಿಯೂದರಾಗ ಹೊಂಟ ಬಿಡ್ತಿದ್ರು. ನೀವೆಲ್ಲಾ ಬರೂದಕ್ಕಿಂತ ಮೊದಲ ಮಾಡಿ ಮುಗಸಬೇಕು ಅಂತ."

"ಏನು ಮಾಡುತ್ತಿದ್ದರು?"

"ಆಕೀ ತಪ್ಪು ಹುಡುಕ್ತಿದ್ರು." ವೈನಿ ತಟ್ಟೆಯತ್ತ ನೋಡುತ್ತ ಹೇಳಿದರು. "ನನಗ ಹೇಳಿದ್ರು ರೀ. ಆ ಹುಡುಗಿ ಎಲ್ಲೋ ಎಡವ್ಯಾಳ, ಹಿಡೀತೀನಿ ಅಂತ. ಮೊದಲ ಎಂಟು ದಿನ ಹುರುಪಿಲೇ ಹೋದ್ರು. ಆಮ್ಯಾಲೆ ಮಾತು ಕಮ್ಮಿ ಆತು. ಊಟ ಕಮ್ಮಿ ಆತು. ಡಬ್ಬಿ ಮಾತ್ರ ಹೋಗ್ತಿತ್ತು."

"ಸಂದರ್ಶನದ ದಿನ ಅವರಿಗೆ ಗೊತ್ತಿತ್ತೇ, ಅವಳದೇ ಸರಿ ಅಂತ?"

ವೈನಿ ನನ್ನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಹಾಕಿದರು. "ನಾನೂ ಕೇಳಿದೆ. ಇನ್ನೊಂದ್ ಸಲ ಮಾಡಿ ನೋಡ್ತೀನಿ ಅಂದ್ರು. ಗೊತ್ತಿಲ್ದಾಂವ ಎರಡ್ ಸಲ ಮಾಡ್ತಾನ್ರಿ. ಗೊತ್ತಾದಾಂವ ಇಪ್ಪತ್ತ್ ಸಲ ಮಾಡ್ತಾನ. ಸಂದರ್ಶನಕ್ಕ ಹೋಗಿ ಬಂದ್ರು. ಪ್ರಮೋಶನ್ ಆತು. ಪೇಢೇ ತಂದಿದ್ರು, ತಾವು ತಿನ್ನಲಿಲ್ಲ."

"ಇದನ್ನೂ ಬರೆಯಲೇ?"

"ಇದ್ದದ್ದು ಬರೀರಿ ಅಂತ ಮೊದಲಽ ಹೇಳೀನಲ್ಲಾ." ನೀರಿನ ಲೋಟ ನನ್ನ ಕಡೆ ಸರಿಸಿ, "ದೀಪಾವಳಿ ಮುಂದ ಒಂದಿನ ಮುಂಜಾನೆ ಡಬ್ಬಿ ಬಿಟ್ಟು ಹೋದ್ರು. ಸಂಜೀಕ ಬಂದು ಚಹಾ ಬೇಡಿದ್ರು. ಆ ಹುಡುಗೀ ಹೆಸರು ಮೊದಲ ಹಾಕಿ ಕಳಸೀನಿ ಅಂದ್ರು. ಏನು ಕಳಿಸಿದ್ರು ನನಗ ತಿಳೀಲಿಲ್ಲ. ಅವತ್ತ ಎರಡ್ ಸಲ ಅನ್ನ ಹಾಕಿಸ್ಕೊಂಡ್ರು" ಎಂದರು.

ಕಳಿಸಿದ್ದು ಏನೆಂದು ನನಗೆ ಗೊತ್ತು. ತಮ್ಮ ಹಳೆಯ ತೀರ್ಮಾನವನ್ನು ಹಿಂತೆಗೆದುಕೊಳ್ಳುವ ಪ್ರಬಂಧ. ಶೈಲಾಳ ಹೆಸರು ಮೊದಲು, ಅವರದು ಕೊನೆಗೆ.

ಮನೆಗೆ ಬರುವ ದಾರಿಯಲ್ಲಿ ನನಗೆ ಇನ್ನೊಂದು ನೆನಪಾಯಿತು. ಆ ಮಳೆಗಾಲದ ಬೆಳಿಗ್ಗೆಗಳಲ್ಲಿ ಪ್ರಯೋಗಾಲಯದ ಸಿಂಕಿನ ಪಕ್ಕ ಕೆಂಪು ಚುಕ್ಕೆಯ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು. ಗುರುವಾರ, ಶುಕ್ರವಾರಗಳಲ್ಲೂ. ನಾನದನ್ನು ನಿಜಕ್ಕೂ ನೋಡಿದ್ದೆನೇ? ಅಥವಾ ವೈನಿ ಹೇಳಿದ ಮೇಲೆ ನನ್ನ ತಲೆ ಆ ಡಬ್ಬಿಯನ್ನು ತಂದು ಅಲ್ಲಿಟ್ಟಿತೇ? ಚಾಕ್‌ಪೀಸಿನ ಅನುಭವದ ನಂತರ ಯಾವುದನ್ನೂ ಆಣೆ ಮಾಡಿ ಹೇಳುವ ಸ್ಥಿತಿಯಲ್ಲಿ ನಾನಿಲ್ಲ. ಇದನ್ನು ಪರೀಕ್ಷಿಸಬಲ್ಲವಳು ಒಬ್ಬಳೇ ಇದ್ದಳು.

ಶೈಲಾ ಈಗ ಇರುವುದು ಸಾಸವಡದಲ್ಲಿ. ಡಾಕ್ಟರೇಟ್ ಆದ ಮೇಲೆ ಕೆಲವು ವರ್ಷ ಪಾಠ ಮಾಡಿದಳು. ತಂದೆಗೆ ಲಕ್ವ ಹೊಡೆದಾಗ ಹೋಟೆಲಿಗೆ ಬಂದವಳು ಅಲ್ಲೇ ನಿಂತಳು. ಅದಕ್ಕಾಗಿ ಯಾರನ್ನೂ ದೂರಿದ್ದನ್ನು ನಾನು ಕೇಳಿಲ್ಲ. ನಾನು ಹೋದಾಗ ಗಲ್ಲಾದಲ್ಲಿ ಕೂತು, "ಏ ಬಾಳಾ, ತೀನ್ ನಂಬರಲಾ ದೋನ್ ಚಹಾ!" ಎಂದು ಒಳಗೆ ಕೂಗುತ್ತಿದ್ದಳು. ನನ್ನನ್ನು ನೋಡಿ, "ಓಹೋ, ಸತ್ಯ ಹುಡುಕಿಕೊಂಡು ದಿವೆ ಘಾಟ್ ಹತ್ತಿ ಬಂದ್ರಾ ಸ್ವಾಮಿಗಳು. ಕೂತುಕೋ, ಬನ್ಸ್ ಬಿಸಿ ಉಂಟು" ಎಂದಳು.

ವೈನಿ ಹೇಳಿದ್ದನ್ನೆಲ್ಲ ಹೇಳಿದೆ. ಸರ್ ಅವಳ ತಪ್ಪು ಹಿಡಿಯಲು ಹೊರಟಿದ್ದರು ಎಂಬುದನ್ನೂ ಹೇಳಿದೆ. ಅವಳ ಮುಖ ಬದಲಾಗಬಹುದೆಂದು ನೋಡುತ್ತಿದ್ದೆ. ಅವಳು ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ಕಳಿಸಿ ನನ್ನ ಕಡೆ ತಿರುಗಿದಳು.

"ಅದು ನನಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬೆಳಿಗ್ಗೆ ಬಂದು ಮಾಡ್ತಾ ಇದ್ದದ್ದು. ನಾನು ಬರುವಾಗ ತೊಟ್ಟಿಯ ನೀರು ಬೆಚ್ಚಗೆ ಇರ್ತಿತ್ತಲ್ಲ. ಮೊದಲು ನೀನು ಅಂದುಕೊಂಡೆ. ನೀನು ಅಷ್ಟು ಬೇಗ ಏಳುವವನಾ? ಮತ್ತೆ, ಅವರಿಗೆ ಅದನ್ನು ಸರಿಯಾಗಿ ಪರೀಕ್ಷೆ ಮಾಡಬೇಕಾದರೆ ಬರೀ ಎಡ ಬೇಕು, ಬಲ ಬೆರೆಯದ್ದು. ಅದು ಆಗ ಕ್ರಯಕ್ಕೆ ಸಿಗುತ್ತಿರಲಿಲ್ಲ. ನಾನೇ ಮಾಡಿ ಫ್ರಿಜ್ಜಿನಲ್ಲಿ ಇಟ್ಟುಕೊಂಡಿದ್ದೆ. ಆ ಬಾಟಲಿ ದಿನಾ ಸ್ವಲ್ಪ ಸ್ವಲ್ಪ ಇಳೀತಾ ಇತ್ತು."

"ಸರ್ ತೆಗೆದುಕೊಳ್ಳುತ್ತಿದ್ದರು."

"ಮತ್ತೆ ಯಾರು? ಹೇಳದೆ ತೆಗೀತಿದ್ರು, ಪಾಪ. ಮುಚ್ಚಳವನ್ನು ಮಾತ್ರ ಮೊದಲು ಇದ್ದ ಹಾಗೇ ತಿರುಗಿಸಿ ಇಡ್ತಿದ್ರು." ಅವಳು ನಕ್ಕಳು. "ನಾನು ಮತ್ತೆ ಮಾಡಿ ತುಂಬಿಸಿ ಇಡ್ತಿದ್ದೆ."

"ನೀನು ತುಂಬಿಸುತ್ತಿದ್ದೆಯಾ? ನಿನ್ನ ಥೀಸಿಸ್ ಅಲ್ಲಿ ಕೊಳೆಯುತ್ತಿತ್ತು. ನಿಮ್ಮ ಅಪ್ಪ ಇಲ್ಲಿ ಕುರ್ಚಿ ತರಿಸಿದ್ದರು."

"ಹೌದು. ದಿನಾ ರಾಶಿ ಕೋಪ ಬರ್ತಿತ್ತು. ಕೋಪದಲ್ಲೇ ತುಂಬಿಸಿದ್ದು."

"'ನಾನು ನೋಡಿದ್ದೇನೆ ಸರ್, ನಿಮಗೆ ಗೊತ್ತಾಗಿದೆ, ಅಧ್ಯಾಯಕ್ಕೆ ಸಹಿ ಹಾಕಿ' ಅಂತ ನೀನು ಒಂದು ಮಾತು ಹೇಳಿದ್ದರೆ ಅವತ್ತೇ ಮುಗಿಯುತ್ತಿತ್ತಲ್ಲ?"

ಒಳಗಿನಿಂದ ಯಾರೋ ಚಟ್ನಿ ಮುಗಿಯಿತೆಂದು ಕೂಗಿದರು. ಅವಳು ಎದ್ದು ಗಲ್ಲಾಕ್ಕೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಹೇಳಿದಳು:

"ಹೇಳಿದ್ರೆ ಸಹಿ ಹಾಕ್ತಿದ್ರು ಮಾರಾಯ. ಆದ್ರೆ ಪ್ರಯೋಗ ಮೊದಲಿನ ಹಾಗೇ ಅರ್ಧಕ್ಕೇ ನಿಲ್ಲಿಸಿಬಿಡ್ತಿದ್ರು."